ಎಂಜಿಬಿಗೆ ವಿ8: ತೂಕದ ಭಯ ಬೇಡ, ಬಿಸಿಯ ಕಡೆ ನೋಡಿ
ಸರ್, ನಿಮ್ಮ ಎಂಜಿಬಿಗೆ (ಬ್ರಿಟನ್ನಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು) ರೋವರ್ ಕಂಪನಿಯ 3.5 ಲೀಟರ್ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್ ಹಾಕಿದರೆ ಮುಂಭಾಗ ಭಾರವಾಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ. ಅದು ಹಗುರ ಅಲ್ಯೂಮಿನಿಯಂ ಎಂಜಿನ್, ನಿಮ್ಮ ಈಗಿನ 1798 ಸಿಸಿ ಎಂಜಿನ್ ಬೀಡುಕಬ್ಬಿಣದ್ದು. ತೂಕ ಹೆಚ್ಚುಕಮ್ಮಿ ಒಂದೇ. 1973ರಲ್ಲಿ ಎಂಜಿ ಕಂಪನಿಯೇ ಎಂಜಿಬಿ ಜಿಟಿಗೆ (ಎಂಜಿಬಿಯ ಮುಚ್ಚಿದ ಛಾವಣಿಯ ಮಾದರಿ) ಈ ವಿ8 ಹಾಕಿ ಮಾರಿತ್ತು.

ನನಗೆ ಚಿಂತೆ ಬಿಸಿಯದು. ನಮ್ಮ ಬಳ್ಳಾರಿಯ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ರಾಯಲ್ ಸರ್ಕಲ್ ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತರೂ ಹಳೇ ರೇಡಿಯೇಟರ್ ತಡೆಯಲ್ಲ. ಎಂಜಿನ್‌ಗೆ ದುಡ್ಡು ಕೊಡುವ ಮೊದಲೇ ದೊಡ್ಡ ರೇಡಿಯೇಟರ್, ಎರಡು ಎಲೆಕ್ಟ್ರಿಕ್ ಫ್ಯಾನ್ ನೋಡಿಟ್ಟುಕೊಳ್ಳಿ. ಬ್ರೇಕ್, ಗೇರ್‌ಬಾಕ್ಸ್ ಕೂಡ ಆ ಶಕ್ತಿಗೆ ತಕ್ಕಂತಿರಬೇಕು.

ಆರ್‌ಟಿಒ ಅನುಮತಿ ಮೊದಲೇ ಪಡೆಯಿರಿ, ಆಮೇಲೆ ಆರ್‌ಸಿಯಲ್ಲೂ ಹೊಸ ಎಂಜಿನ್ ನಂಬರ್ ಬರಬೇಕು. ಹಳೇ ಎಂಜಿನ್ನನ್ನು ಮಾತ್ರ ದಯವಿಟ್ಟು ಗುಜರಿಗೆ ಹಾಕಬೇಡಿ. ಗ್ರೀಸ್ ಹಚ್ಚಿ, ಮುಚ್ಚಿ ಇಡಿ.