ಲಾರಿ ರಿವರ್ಸ್ ಹಾಕುವಾಗ ಕೈ ಎತ್ತ ತಿರುಗಿತು?

ಹೋದ ಸಂಚಿಕೆಯಲ್ಲಿ, ಹೆವಿ ಲೈಸೆನ್ಸ್, ಅಂದರೆ ಲಾರಿಯಂಥ ದೊಡ್ಡ ಗಾಡಿ ಓಡಿಸುವ ಲೈಸೆನ್ಸ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾಲ್ಕು ವರ್ಷ ಕ್ಲೀನರ್ ಆಗಿದ್ದು, ಹತ್ತೊಂಬತ್ತು ವರ್ಷ ಲಾರಿ ಓಡಿಸಿ, ಆಮೇಲೆ ಡ್ರೈವಿಂಗ್ ಸ್ಕೂಲಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡವನು ನಾನು. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರಿನ ಹೆಸರಷ್ಟೇ ಹಾಕಿದ್ದೇನೆ.

ಪ್ರಶ್ನೆ: ಆರು ಸೀಸನ್‌ನಿಂದ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದೇನೆ. ಟ್ರೈಲರ್ ರಿವರ್ಸ್ ಹಾಕುವುದು ನನಗೆ ನೀರು ಕುಡಿದಷ್ಟು ಸಲೀಸು. ಆದರೂ ಹೆವಿ ಟೆಸ್ಟಿನಲ್ಲಿ ರಿವರ್ಸ್‌ನಲ್ಲೇ ಕಂಬಕ್ಕೆ ತಾಗಿಸಿ ಫೇಲಾದೆ. ಊರಲ್ಲಿ ಎಲ್ಲರೂ ನಗುತ್ತಿದ್ದಾರೆ. ಎಲ್ಲಿ ತಪ್ಪಿದೆ? ಮತ್ತೆ ಯಾವಾಗ ಟೆಸ್ಟ್ ಕೊಡಬಹುದು?
– ಮುಧೋಳ

ಉತ್ತರ: ನೀವು ಫೇಲಾಗಿದ್ದು ರಿವರ್ಸ್ ಬರದೆ ಅಲ್ಲ, ಜಾಸ್ತಿ ಬಂದು!

ಟ್ರೈಲರ್ ಎಡಕ್ಕೆ ಹೋಗಬೇಕು ಅಂದರೆ ಟ್ರ್ಯಾಕ್ಟರಿನ ಸ್ಟೇರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು, ಅಲ್ವಾ? ಆರು ಸೀಸನ್ ನಿಮ್ಮ ಕೈ ಅದನ್ನೇ ಕಲಿತಿದೆ. ಲಾರಿಗೆ ನಡುವೆ ಕೊಂಡಿ ಇಲ್ಲ. ಅದರ ಹಿಂಬದಿ ಎಡಕ್ಕೆ ಹೋಗಬೇಕು ಅಂದರೆ ಸ್ಟೇರಿಂಗೂ ಎಡಕ್ಕೇ. ಇದು ನಿಮಗೆ ಗೊತ್ತಿಲ್ಲ ಅಂತಲ್ಲ, ಸ್ಕೂಲಿನ ಗ್ರೌಂಡಿನಲ್ಲಿ ಸರಿಯಾಗೇ ಹಾಕಿರುತ್ತೀರಿ. ಆದರೆ ಬ್ರೇಕ್ ಇನ್‌ಸ್ಪೆಕ್ಟರ್ ಫೈಲ್ ಹಿಡಿದು ನಿಂತು ನೋಡುತ್ತಿರುವಾಗ, ಹಿಂದೆ ಇನ್ನೂ ಹತ್ತು ಜನ ಕಾಯುತ್ತಿರುವಾಗ, ತಲೆ ಕೆಲಸ ನಿಲ್ಲಿಸಿ ಕೈ ತನಗೆ ಗೊತ್ತಿದ್ದ ಹಳೇ ಕಡೆಗೆ ತಿರುಗಿಬಿಡುತ್ತದೆ. ನಿಮ್ಮ ಕಡೆಯ ಟ್ರ್ಯಾಕ್ಟರ್ ಹುಡುಗರಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದು ಉಪಾಯ ಇದೆ. ಟ್ರೈಲರ್ ರಿವರ್ಸ್ ಹಾಕುವಾಗ ಕೈಯನ್ನು ಸ್ಟೇರಿಂಗಿನ ಕೆಳಗಡೆ ಇಟ್ಟುಕೊಂಡರೆ, ಕೈ ಹೋದ ಕಡೆಗೇ ಟ್ರೈಲರ್ ಹೋಗುತ್ತದೆ. ಲಾರಿಗೆ ಕೈ ಸ್ಟೇರಿಂಗಿನ ಮೇಲ್ಗಡೆ ಇಡಿ, ಆಗ ಕೈ ಹೋದ ಕಡೆಗೆ ಲಾರಿಯ ಹಿಂಬದಿ ಹೋಗುತ್ತದೆ. ಅಷ್ಟೇ ವ್ಯತ್ಯಾಸ. ರಿವರ್ಸ್ ಗೇರ್ ಬಿದ್ದ ಕೂಡಲೇ ಹೊರಡಬೇಡಿ. ಕೈ ಮೇಲಿದೆಯಾ ನೋಡಿಕೊಳ್ಳಿ, ಹಿಂಬದಿ ಎತ್ತ ಹೋಗಬೇಕು ಅಂತ ಬಾಯಲ್ಲೇ ಹೇಳಿಕೊಳ್ಳಿ, ಆಮೇಲೆ ಕ್ಲಚ್ ಮೇಲೆ ಇರುವೆ ಹರಿದಷ್ಟು ನಿಧಾನಕ್ಕೆ ಬಿಡಿ. ಒಂದೇ ಮಿರರ್ ನೋಡುತ್ತಾ ಕೂರಬೇಡಿ. ನಮ್ಮ ಗಾಡಿಗಳಲ್ಲಿ ಡ್ರೈವರ್ ಬಲಗಡೆ ಇರುವುದರಿಂದ ಎಡಗಡೆ ಹಿಂದಿನ ಮೂಲೆ ಪೂರ್ತಿ ಮಿರರ್ ಪಾಲು. ಇನ್ನೊಂದು, ಹಿಂದೆ ನೋಡುವ ಭರದಲ್ಲಿ ಎಲ್ಲರೂ ಲಾರಿಯ ಮೂತಿ ಮರೆಯುತ್ತಾರೆ. ಹಿಂಬದಿ ಎಡಕ್ಕೆ ಹೋದರೆ ಮೂತಿ ಬಲಕ್ಕೆ ಬೀಸುತ್ತದೆ. ತಾಗಿದ ಕಂಬ ಹಿಂದಿನದಾ ಮುಂದಿನದಾ ಅಂತ ನೀವು ಬರೆದಿಲ್ಲ. ಮುಂದಿನದಾಗಿದ್ದರೆ ಕಾರಣ ಇದೇ.

ಫೇಲಾದ 7 ದಿನ ಆದಮೇಲೆ ಮತ್ತೆ ಟೆಸ್ಟ್ ಕೊಡಬಹುದು. ಮೂರು ಸಲ ಫೇಲಾದರೆ ಮಾತ್ರ 60 ದಿನ ಕಾಯಬೇಕು, ಸ್ಕೂಲಿನಲ್ಲಿ ಮತ್ತೆ ತರಬೇತಿ ತೆಗೆದುಕೊಂಡು ಬಾ ಅಂತಲೂ ಹೇಳುತ್ತಾರೆ. ಆ ಏಳು ದಿನ ಟ್ರ್ಯಾಕ್ಟರ್ ಮುಟ್ಟಬೇಡಿ. ಸೀಸನ್ ಇದ್ದರೆ ಕಷ್ಟ, ಗೊತ್ತು. ಆಗದಿದ್ದರೆ ಟ್ರೈಲರ್ ರಿವರ್ಸ್ ಆದರೂ ಬೇರೆಯವರ ಕೈಯಲ್ಲಿ ಹಾಕಿಸಿ.

ನಗುವವರ ವಿಷಯ ಬಿಡಿ. ನಾನೂ ಮೊದಲ ಸಲ ಫೇಲೇ. ನಾಲ್ಕು ವರ್ಷ ಕ್ಲೀನರ್ ಆಗಿದ್ದವನಿಗೆ ಇದೇನು ಮಹಾ ಅಂತ ಹತ್ತಿ ಕೂತು, ಸ್ಟಾರ್ಟ್ ಮಾಡಿ ಹೊರಟೇಬಿಟ್ಟೆ. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಇಳಿ ಅಂದರು. ನನಗಿಂತ ಮುಂಚೆ ಕೂತಿದ್ದವನು ಎತ್ತರದ ಆಳು, ಮಿರರ್ ಅವನ ಎತ್ತರಕ್ಕೇ ಇತ್ತು. ನನಗೆ ಅದರಲ್ಲಿ ಕಾಣುತ್ತಿದ್ದದ್ದು ಆಕಾಶ. ಬ್ರೇಕಿನ ಗಾಳಿ ಎಷ್ಟಿದೆ ಅಂತ ತೋರಿಸುವ ಏರ್ ಮೀಟರ್ ಕಡೆ ಕಣ್ಣೂ ಹಾಯಿಸಿರಲಿಲ್ಲ.

ಆ ಏರ್ ಮೀಟರ್ ಬಗ್ಗೆ ಒಂದು ಮಾತು, ಯಾಕೆಂದರೆ ಕಾರು ಓಡಿಸಿ ಬಂದವರು ಎಡವುವುದು ಇಲ್ಲೇ. ಏರ್ ಬ್ರೇಕ್ ಲಾರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಿಡಿಯುವುದು ಸ್ಪ್ರಿಂಗ್. ಆ ಸ್ಪ್ರಿಂಗನ್ನು ಬಿಡಿಸುವುದು ಗಾಳಿ. ಟ್ಯಾಂಕಿನಲ್ಲಿ ಗಾಳಿ ತುಂಬುವ ಮೊದಲು ಲಿವರ್ ಬಿಟ್ಟರೂ ಹಿಂದಿನ ಚಕ್ರ ಹಿಡಿದುಕೊಂಡೇ ಇರುತ್ತದೆ. ಆಗ ಹುಡುಗರು ಗಾಬರಿಯಾಗಿ ಆಕ್ಸಿಲೇಟರ್ ಒತ್ತುತ್ತಾರೆ, ಗಾಡಿ ನಡುಗಿ ಆಫ್ ಆಗುತ್ತದೆ. ಸ್ಟಾರ್ಟ್ ಮಾಡಿ ಸುಮ್ನೆ ಕೂರಿ. ಮುಳ್ಳು ಮೇಲೆ ಬರಲಿ, ಬಜರ್ ನಿಲ್ಲಲಿ. ಆ ಒಂದೆರಡು ನಿಮಿಷ ಕಾದವನನ್ನು ನೋಡಿದರೇ ಇನ್‌ಸ್ಪೆಕ್ಟರಿಗೆ ಅರ್ಧ ಗೊತ್ತಾಗುತ್ತದೆ, ಇವನು ಲಾರಿ ಬಲ್ಲವನು ಅಂತ.

ಪ್ರಶ್ನೆ: ಡ್ರೈವಿಂಗ್ ಸ್ಕೂಲಿನವರು ಪೂರ್ತಿ ಫೀ ತೆಗೆದುಕೊಂಡರು. ಗಾಡಿ ಕೊಟ್ಟಿದ್ದು ಐದು ದಿನ, ದಿನಕ್ಕೆ ಹತ್ತು ನಿಮಿಷ. ಒಂದು ಲಾರಿಗೆ ಎಂಟು ಜನ. ಕೇಳಿದರೆ ‘ಟೆಸ್ಟ್ ದಿನ ನಾವು ನೋಡಿಕೊಳ್ಳುತ್ತೇವೆ’ ಅನ್ನುತ್ತಾರೆ. ಇದು ಸರಿಯಾ?
– ದಾವಣಗೆರೆ

ಉತ್ತರ: ಸರಿಯಲ್ಲ. ‘ನಾವು ನೋಡಿಕೊಳ್ಳುತ್ತೇವೆ’ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದಾಗ ಇವರು ಬಂದು ನೋಡಿಕೊಳ್ಳುತ್ತಾರಾ?

ನಿಯಮ ಹೀಗಿದೆ. ಟ್ರಾನ್ಸ್‌ಪೋರ್ಟ್ ಗಾಡಿಗೆ ತರಬೇತಿ ಕನಿಷ್ಠ 30 ದಿನ, ಅದರಲ್ಲಿ ನೀವೇ ಸ್ಟೇರಿಂಗ್ ಹಿಡಿದದ್ದು ಕನಿಷ್ಠ 15 ಗಂಟೆ ಇರಬೇಕು. ಅದು ಮುಗಿದ ಮೇಲೆ ಸ್ಕೂಲಿನವರು ಫಾರಂ 5, ಅಂದರೆ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಕೊಡುತ್ತಾರೆ. ಅದಿಲ್ಲದೆ ಹೆವಿಗೆ ಅರ್ಜಿ ಹಾಕುವ ಹಾಗಿಲ್ಲ. ಐದು ದಿನ, ಹತ್ತತ್ತು ನಿಮಿಷ ಅಂದರೆ ಎಷ್ಟಾಯಿತು? ಒಂದು ಗಂಟೆಯೂ ಆಗಲಿಲ್ಲ. ಪಕ್ಕದವನು ಓಡಿಸುವಾಗ ಕ್ಯಾಬಿನ್‌ನಲ್ಲಿ ಕೂತು ನೋಡಿದ್ದೂ ಪಾಠವೇ, ನಾನು ಇಲ್ಲ ಅನ್ನುವುದಿಲ್ಲ, ಆದರೆ ಅದು ಈ 15 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಎಷ್ಟು ಹೊತ್ತು ಓಡಿಸಿದಿರಿ ಅಂತ ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ. ಉಳಿದ ಗಂಟೆ ಕೊಡಿ ಅಂತ ಜಗಳ ಮಾಡದೆ, ಎಲ್ಲರ ಎದುರಿಗೆ ಕೇಳಿ. ಕೊಡದಿದ್ದರೆ ಆರ್‌ಟಿಓ ಕಚೇರಿಗೆ ಬರೆದುಕೊಡಿ. ಸ್ಕೂಲ್ ನಡೆಸುವ ಲೈಸೆನ್ಸ್ ಕೊಡುವುದು ಅವರೇ.

2021ರ ಜುಲೈಯಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು ಅಂತ ಬೇರೆ ವ್ಯವಸ್ಥೆಯೂ ಬಂದಿದೆ. ಅಲ್ಲಿ ಮೀಡಿಯಂ ಮತ್ತು ಹೆವಿಗೆ 6 ವಾರ, 38 ಗಂಟೆ. ಅಲ್ಲೇ ಟೆಸ್ಟ್ ಪಾಸಾದರೆ ಆರ್‌ಟಿಓದಲ್ಲಿ ಮತ್ತೆ ಟೆಸ್ಟ್ ಇಲ್ಲ. ಹತ್ತಿರದಲ್ಲಿ ಅಂಥದ್ದು ಇದ್ದರೆ ಹುಡುಕಿ ಹೋಗಿ.

ಪ್ರಶ್ನೆ: ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ನನಗೆ ಹೆವಿ ಸಿಗುವುದಿಲ್ಲವಂತೆ, ಹೌದಾ?
– ಸಿಂಧನೂರು

ಉತ್ತರ: ಹಳೇ ಸುದ್ದಿ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ತೆಗೆದುಹಾಕಿದ್ದಾರೆ. 20 ವರ್ಷ ತುಂಬಿರಬೇಕು, ಕಾರಿನ ಡಿಎಲ್ ಬಂದು ಒಂದು ವರ್ಷ ಆಗಿರಬೇಕು. ಆದರೆ ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಓಡಿಸುವ ಆಸೆ ಇದ್ದರೆ ಬೇರೆ ಲೆಕ್ಕ. ಅದಕ್ಕೆ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು, ಅಪಾಯಕಾರಿ ಸರಕಿನ 3 ದಿನದ ತರಬೇತಿಯೂ ಆಗಿರಬೇಕು.

ಪ್ರಶ್ನೆ: ಕನ್ನಡಕ ಹಾಕುತ್ತೇನೆ. ಡಾಕ್ಟರು ಬೇಡ ಅಂದುಬಿಟ್ಟರೆ?
– ತಿಪಟೂರು

ಉತ್ತರ: ಸುಮ್ನೆ ಹೆದರಬೇಡಿ. ಹಗಲಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕನ್ನಡಕ ಹಾಕಿಕೊಂಡೇ ಓದಬಹುದು. ಬಣ್ಣ ಗುರುತು ಹಿಡಿಯುವ ತೊಂದರೆ ತೀವ್ರವಾಗಿ ಇರಬಾರದು. ವೈದ್ಯರ ಸರ್ಟಿಫಿಕೇಟ್ ಫಾರಂ 1ಎಯಲ್ಲಿ ಇರಬೇಕು. ಗಾಡಿಯಲ್ಲಿ ಇನ್ನೊಂದು ಜೊತೆ ಕನ್ನಡಕ ಇಟ್ಟುಕೊಳ್ಳಿ. ನನ್ನದು ಒಮ್ಮೆ ಚಿತ್ರದುರ್ಗದ ಹತ್ತಿರ ರಾತ್ರಿ ಸೀಟಿನ ಕೆಳಗೆ ಸಿಕ್ಕಿ ಮುರಿದು, ಬೆಳಗಾಗುವ ತನಕ ಢಾಬಾದಲ್ಲೇ ಮಲಗಿದ್ದೆ.

ಪ್ರಶ್ನೆ: ಪಿಕಪ್ ಓಡಿಸುತ್ತೇನೆ, ಬಾಡಿಗೆಗೆ. ಕಾರಿನ ಡಿಎಲ್ ಸಾಕಾ, ಟ್ರಾನ್ಸ್‌ಪೋರ್ಟ್ ಅಂತ ಬೇರೆ ಹಾಕಿಸಬೇಕಾ?
– ಶಿರಸಿ

ಉತ್ತರ: 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಇದನ್ನು ತೀರ್ಮಾನಿಸಿದೆ. ಗಾಡಿಯ ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಯ ಡಿಎಲ್ ಸಾಕು. ಖಾಲಿ ಗಾಡಿಯ ತೂಕ ನೋಡಬೇಡಿ. ಆರ್‌ಸಿಯಲ್ಲಿ ಲೋಡ್ ಸೇರಿಸಿ ಬರೆದಿರುವ ತೂಕ ನೋಡಿ.

ಪ್ರಶ್ನೆ: ಅಪ್ಪನ ಲಾರಿ ಇದೆ. ಅವರಿಗೆ ಮಂಡಿ ನೋವು. ನಾನೇ ಓಡಿಸುತ್ತೇನೆ ಅಂದರೆ ಮನೆಯಲ್ಲಿ ‘ಹೆಣ್ಣುಮಕ್ಕಳ ಕೆಲಸವಾ ಇದು’ ಅನ್ನುತ್ತಾರೆ. ನನ್ನ ಎತ್ತರ ಐದು ಅಡಿ.
– ಹಿರಿಯೂರು

ಉತ್ತರ: ತಂಗೀ, ಟೆಸ್ಟಿನಲ್ಲಿ ಎತ್ತರ ಅಳೆಯುವುದಿಲ್ಲ. ಕ್ಲಚ್ ಪೂರ್ತಿ ಕೆಳಗೆ ಹೋಗುವ ಹಾಗೆ ಸೀಟ್ ಮುಂದಕ್ಕೆ ಎಳೆದುಕೊಳ್ಳಿ, ಬೆನ್ನಿಗೆ ಗಟ್ಟಿ ದಿಂಬು ಇಡಿ, ಮಿರರ್ ನಿಮ್ಮ ಕಣ್ಣಿಗೆ ಹೊಂದಿಸಿ. ಈಗಿನ ಲಾರಿಗಳಿಗೆ ಪವರ್ ಸ್ಟೇರಿಂಗ್ ಇದೆ, ನಮ್ಮ ಕಾಲದ ಹಾಗೆ ತೋಳು ಬೀಳುವುದಿಲ್ಲ. ಭೋಪಾಲದ ಯೋಗಿತಾ ರಘುವಂಶಿ ಕಾನೂನು ಓದಿದವರು, ದೇಶದ ಉದ್ದಗಲಕ್ಕೆ ಲಾರಿ ಓಡಿಸಿದ್ದಾರೆ. ಅಪ್ಪನಿಗೆ ಅವರ ವಿಷಯ ಹೇಳಿ. ಕಷ್ಟ ಇರುವುದು ಸ್ಟೇರಿಂಗಿನಲ್ಲಿ ಅಲ್ಲ, ದಾರಿಯಲ್ಲಿ ಶುಚಿಯಾದ ಟಾಯ್ಲೆಟ್ ಸಿಗುವುದರಲ್ಲಿ. ಅದನ್ನು ನಾನು ಮುಚ್ಚಿಡುವುದಿಲ್ಲ. ಮೊದಲ ವರ್ಷ ಹಗಲು ಟ್ರಿಪ್, ಗೊತ್ತಿರುವ ದಾರಿ ಸಾಕು. ಮುಂದೆ ಹೊಸ ಲಾರಿ ತೆಗೆದುಕೊಂಡರೆ ಕ್ಯಾಬಿನ್‌ನಲ್ಲಿ ಎಸಿ ಇದ್ದೇ ಇರುತ್ತದೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮೀಡಿಯಂ, ಹೆವಿ ಲಾರಿಗಳಿಗೆ ಅದು ಕಡ್ಡಾಯ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎಂಟು ವರ್ಷ ಲಾರಿ ಓಡಿಸಿದ್ದೇನೆ. ಈಗ ತಮ್ಮನ ಜೊತೆ ಕೆನಡಾದಲ್ಲಿದ್ದೇನೆ. ಇಲ್ಲಿ ನಮ್ಮ ಹೆವಿ ಡಿಎಲ್ ನಡೆಯುತ್ತದಾ?
– ಬ್ರಾಂಪ್ಟನ್, ಒಂಟಾರಿಯೊ

ಉತ್ತರ: ನನ್ನ ಅಕ್ಕನ ಮಗ ಅಲ್ಲೇ ಓಡಿಸುತ್ತಾನೆ, ಅವನನ್ನು ಕೇಳಿ ಬರೆಯುತ್ತಿದ್ದೇನೆ. ನೇರವಾಗಿ ನಡೆಯುವುದಿಲ್ಲ. ಮೊದಲು ಅಲ್ಲಿನ ಕಾರಿನ ಪೂರ್ತಿ ಲೈಸೆನ್ಸ್, ಅಂದರೆ ಜಿ. ಆಮೇಲೆ ಟ್ರೈಲರ್ ಎಳೆಯುವ ದೊಡ್ಡ ಗಾಡಿಗೆ ಕ್ಲಾಸ್ ಎ, ಏರ್ ಬ್ರೇಕಿಗೆ ಝಡ್. ಕ್ಲಾಸ್ ಎ ಟೆಸ್ಟಿಗೆ ಮುಂಚೆ 103.5 ಗಂಟೆಯ ತರಬೇತಿ 2017ರ ಜುಲೈಯಿಂದ ಕಡ್ಡಾಯ. ಆಟೋಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸೂ ಆಟೋಮ್ಯಾಟಿಕ್‌ಗೆ ಮಾತ್ರ.

ಅಲ್ಲಿ ಹೊರಡುವ ಮುಂಚೆ ಗಾಡಿ ಸುತ್ತಲೂ ನಡೆದು ಟೈರು, ಲೈಟು, ಏರ್ ಲೈನ್ ಒಂದೊಂದನ್ನೂ ತೋರಿಸಿ ಬಾಯಲ್ಲಿ ಹೇಳಬೇಕು. ಎಂಟು ವರ್ಷ ಓಡಿಸಿದವರಿಗೆ ಇದು ಚಿಕ್ಕಮಕ್ಕಳ ಆಟದಂತೆ ಕಾಣುತ್ತದೆ, ಅಲ್ಲೇ ಸೋಲುತ್ತಾರೆ. ಹುಬ್ಬಳ್ಳಿಯಲ್ಲಿ ಕ್ಲೀನರ್ ಟೈರಿಗೆ ಎರಡು ಏಟು ಹಾಕಿ ‘ರೈಟ್’ ಅನ್ನುತ್ತಿದ್ದ, ನೀವು ಹೊರಡುತ್ತಿದ್ದಿರಿ. ಅಲ್ಲಿ ಕ್ಲೀನರೂ ನೀವೇ. ರಸ್ತೆಯ ಬಲಗಡೆ ಓಡಿಸಬೇಕು, ಸೀಟ್ ಎಡಗಡೆ, ಕಾಣದ ಮೂಲೆ ಈಗ ಬಲಗಡೆ. ಇನ್ನು ರಿವರ್ಸ್‌ಗೆ ಮುಧೋಳದವರಿಗೆ ಹೇಳಿದ್ದನ್ನೇ ತಲೆಕೆಳಗು ಮಾಡಿ ಓದಿಕೊಳ್ಳಿ: ಎಳೆಯುವುದು ಟ್ರೈಲರ್ ಅಲ್ವಾ, ಕೈ ಕೆಳಗಡೆ.

ಪ್ರಶ್ನೆ: ಹೋದ ತಿಂಗಳು ಹೆವಿ ಬಂತು. ಓನರ್ ಮೊದಲ ಟ್ರಿಪ್ಪಿಗೇ ಹತ್ತು ಚಕ್ರದ ಲಾರಿ ಕೊಟ್ಟು ಲೋಡ್ ಹಾಕಿ ಮಂಗಳೂರಿಗೆ ಹೋಗು ಅನ್ನುತ್ತಿದ್ದಾರೆ. ಶಿರಾಡಿ ಘಾಟಿ ಇಳಿಯಬೇಕು. ಟೆಸ್ಟ್ ಪಾಸಾಗಿದ್ದೀಯಲ್ಲ, ಭಯ ಯಾಕೆ ಅಂತ ಕೇಳುತ್ತಾರೆ.
– ಹಾಸನ

ಉತ್ತರ: ಭಯ ಇರುವುದು ಒಳ್ಳೆಯದೇ ಆಯಿತು. ನೀವು ಟೆಸ್ಟ್ ಕೊಟ್ಟಿದ್ದು ಸ್ಕೂಲಿನ ಖಾಲಿ ಲಾರಿಯಲ್ಲಿ. ಹತ್ತು ಚಕ್ರದ್ದು ಲೋಡ್ ಸೇರಿ 28.5 ಟನ್‌ವರೆಗೆ ಇರಬಹುದು. ಎರಡನ್ನೂ ಲಾರಿ ಅಂತಲೇ ಕರೆಯುತ್ತಾರೆ, ಅಷ್ಟೇ. ಮೊದಲ ಟ್ರಿಪ್ ಹಳೇ ಡ್ರೈವರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಗಲಿನಲ್ಲೇ ಹೋಗುತ್ತೇನೆ ಅನ್ನಿ. ಒಪ್ಪದಿದ್ದರೆ ಆ ಓನರ್ ಬೇಡ, ಹಾಸನದಲ್ಲಿ ಲಾರಿಗಳಿಗೇನು ಬರ?

ಇಳಿಯುವಾಗ ನೆನಪಿಡಬೇಕಾದ್ದು ಹಳೇ ಡ್ರೈವರ್‌ಗಳ ಮಾತೇ: ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಿ. ಮಧ್ಯದಲ್ಲಿ ವೇಗ ಹಿಡಿದ ಮೇಲೆ ಕೆಳಗಿನ ಗೇರ್ ಹಾಕಲು ಹೋದರೆ ಬೀಳುವುದಿಲ್ಲ, ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ. ಡೀಸೆಲ್ ಉಳಿಸಲು ಬೇಕಂತಲೇ ನ್ಯೂಟ್ರಲ್ ಹೊಡೆಯುವವರನ್ನು ನೋಡಿದ್ದೇನೆ, ಅವರ ಜೊತೆ ಟೀ ಕೂಡ ಕುಡಿಯಬೇಡಿ. ಹೊಗೆ ಕೊಳವೆಯನ್ನು ಅಡ್ಡಗಟ್ಟಿ ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಿ. ಕಾಲಿನ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದರೆ ಚಕ್ರದೊಳಗಿನ ಡ್ರಮ್ ಕಾದು, ಅದಕ್ಕೆ ಉಜ್ಜಿ ನಿಲ್ಲಿಸುವ ಲೈನರ್ ಹಿಡಿಯುವುದನ್ನೇ ಬಿಡುತ್ತದೆ. ಪಟಪಟ ಒತ್ತಿ ಬಿಟ್ಟು ಮಾಡಿದರೆ ಕಂಪ್ರೆಸರ್ ತುಂಬುವುದಕ್ಕಿಂತ ಜಾಸ್ತಿ ಗಾಳಿ ಖರ್ಚಾಗುತ್ತದೆ. ಗೇರೇ ಗಾಡಿಯನ್ನು ಹಿಡಿಯಲಿ. ವೇಗ ಹೆಚ್ಚಿತು ಅನಿಸಿದಾಗ ಒಂದು ಸಲ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಕಾಲು ತೆಗೆಯಿರಿ. ಹಿಂದಿನ ಬಸ್ಸು ಹಾರ್ನ್ ಹೊಡೆದರೆ ಹೊಡೆಯಲಿ. ಎದುರಿಗೆ ಮಂಗಳೂರು ಕಡೆಯಿಂದ ಗ್ಯಾಸಿನ ಬುಲೆಟ್ ಟ್ಯಾಂಕರ್‌ಗಳು ಹತ್ತುತ್ತಿರುತ್ತವೆ. ತಿರುವಿನಲ್ಲಿ ಅವಕ್ಕೆ ಜಾಗ ಬಿಡಿ.

ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಗಾಡಿ ಸೈಡಿಗೆ ಹಾಕಿ ಒಮ್ಮೆ ಸುತ್ತು ಹಾಕಿ, ಏರ್ ನೋಡಿ, ಟೀ ಕುಡಿದು ಇಳಿಯಿರಿ. ಕೆಳಗೆ ಗುಂಡ್ಯ ಮುಟ್ಟಿದ ಮೇಲೆ ಮತ್ತೆ ನಿಲ್ಲಿಸಿ ಹಿಂದಿನ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಡ್ರಮ್ ಮುಟ್ಟಬೇಡಿ. ಒಲೆಯ ಮುಂದೆ ನಿಂತ ಹಾಗೆ ಬಿಸಿ ಬಡಿದರೆ ನೀವು ಬ್ರೇಕಿನಲ್ಲಿ ಇಳಿದಿದ್ದೀರಿ, ಗೇರಿನಲ್ಲಿ ಅಲ್ಲ.