ಸ್ಮಿಯರ್ ರಿಪೋರ್ಟ್ ಬಂದ ಮೇಲೂ ಬಯಾಪ್ಸಿ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಕ್ಕಂಗೆ 44 ವರ್ಷ. ಮುಟ್ಟಿಲ್ಲದಾಗ್ಲೂ ಬ್ಲೀಡಿಂಗ್ ಆಗ್ತಿತ್ತು ಅಂತ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಂದ ಜೀವಕೋಶ ತೆಗೆದು ನೋಡೋ ಟೆಸ್ಟ್) ಮಾಡಿಸಿದ್ವಿ, 'ಸ್ಮಾಲ್ ಸೆಲ್ ಕಾರ್ಸಿನೋಮಾ ಇರಬಹುದು, ಬಯಾಪ್ಸಿ ಮತ್ತು ಐಎಚ್‌ಸಿ ಮಾಡಿಸಿ' ಅಂತ ಬಂದಿದೆ. ಹೋದ ವರ್ಷದ ಸ್ಮಿಯರ್ ನಾರ್ಮಲ್ ಇತ್ತು. ಗೂಗಲ್ ಮಾಡಿದ್ರೆ ಶ್ವಾಸಕೋಶದ ಕ್ಯಾನ್ಸರ್ ಅಂತ ಬರುತ್ತೆ. ರಿಪೋರ್ಟೇ ತಪ್ಪಿರಬಹುದಾ?
– ಓದುಗರು, ಹಾಸನ

ಉತ್ತರ: ಶ್ವಾಸಕೋಶದಲ್ಲಿ ಜಾಸ್ತಿ ಕಾಣ್ಸೋ ಕ್ಯಾನ್ಸರ್ರೇ ಇದು, ಆದ್ರೆ ಗರ್ಭಕೋಶದ ಬಾಯಲ್ಲೂ ಹುಟ್ಟುತ್ತೆ ತಾಯಿ, ಅಲ್ಲಿ ಬರೋ 100 ಕ್ಯಾನ್ಸರಲ್ಲಿ ಒಂದೋ ಎರಡೋ ಅಷ್ಟೇ. ಇಲ್ಲಿ ಹುಟ್ಟಿದ್ರೆ ಹೆಚ್ಚಾಗಿ ಎಚ್‌ಪಿವಿ ವೈರಸ್, ಅದ್ರಲ್ಲೂ 18 ಮತ್ತು 16ನೇ ಟೈಪ್ ಇರುತ್ತೆ.

ಸ್ಲೈಡ್ ಮೇಲೆ ಇದನ್ನ ಹಿಡಿಯೋದು ಕಷ್ಟ. ಜೀವಕೋಶ ಚಿಕ್ಕದು, ಸುತ್ತ ಸೈಟೋಪ್ಲಾಸಂ ಇದ್ಯೋ ಇಲ್ವೋ ಅನ್ನೋಷ್ಟು, ನ್ಯೂಕ್ಲಿಯಸ್ ಒಳಗೆ ಉಪ್ಪು-ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿ ಚುಕ್ಕಿ. ಉರಿಯೂತ ಇದ್ದಾಗ ಬರೋ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳು, ಮುಟ್ಟಿನ ಟೈಮಲ್ಲಿ ಗರ್ಭಕೋಶದ ಒಳಪದರದಿಂದ ಉದುರೋ ಜೀವಕೋಶಗಳು ಕೂಡ ಹೆಚ್ಚುಕಮ್ಮಿ ಹಿಂಗೇ ಕಾಣ್ತವೆ, ಆದ್ರೆ ಲಿಂಫೋಸೈಟ್ ಬಿಡಿಬಿಡಿಯಾಗಿರುತ್ತೆ, ಈ ಕ್ಯಾನ್ಸರ್ ಜೀವಕೋಶಗಳು ಒಂದಕ್ಕೊಂದು ಒತ್ಕೊಂಡು ನ್ಯೂಕ್ಲಿಯಸ್ಸಿನ ಆಕಾರಾನೇ ಬದಲಾಗಿರುತ್ತೆ, ಸತ್ತ ಜೀವಕೋಶದ ಕಸ ಸುತ್ತ ಇರುತ್ತೆ, ಸ್ಲೈಡಿಗೆ ಹಚ್ಚುವಾಗ್ಲೇ ನಜ್ಜುಗುಜ್ಜಾಗಿ ನೀಲಿ ಗೆರೆ ಥರ ಎಳೆದುಹೋಗಿರುತ್ತೆ. ನಿಮ್ಮ ರಿಪೋರ್ಟ್ ಬರೆದವರು 'ಇರಬಹುದು' ಅಂತ ನಿಲ್ಲಿಸಿದ್ದು ನನ್ನ ಪ್ರಕಾರ ಸರಿ. ಬಯಾಪ್ಸಿಲಿ ತೆಗೆದ ಮಾಂಸದ ತುಣುಕಿಗೆ ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್, ಸಿಡಿ56 ಅನ್ನೋ ಸ್ಟೇನ್ (ಬಣ್ಣ) ಹಾಕಿ ನೋಡಿದ್ಮೇಲೇ (ರಿಪೋರ್ಟಲ್ಲಿ ಐಎಚ್‌ಸಿ ಅಂದಿರೋದು ಇದಕ್ಕೇ) ಗಟ್ಟಿಯಾಗಿ ಹೇಳೋಕಾಗೋದು. ಟಿಟಿಎಫ್-1 ಅನ್ನೋ ಇನ್ನೊಂದು ಸ್ಟೇನ್ ಪಾಸಿಟಿವ್ ಬಂದ್ರೆ ಶ್ವಾಸಕೋಶದಿಂದ್ಲೇ ಬಂತು ಅಂದ್ಕೋಬೇಡಿ, ಗರ್ಭಕೋಶದ ಬಾಯಲ್ಲಿ ಹುಟ್ಟಿದ್ದರಲ್ಲೂ ಅದು ಪಾಸಿಟಿವ್ ಬರುತ್ತೆ, ಸ್ಕ್ಯಾನ್ ನೋಡೇ ತೀರ್ಮಾನ ಮಾಡ್ಬೇಕು.

ಹೋದ ವರ್ಷ ನಾರ್ಮಲ್ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ. ಇದು ಬೇಗ ಬೆಳೆಯುತ್ತೆ, ಎಷ್ಟೋ ಸಲ ಮೇಲ್ಪದರದ ಕೆಳಗಿರುತ್ತೆ, ಬ್ರಷ್‌ಗೆ ಸಿಗಲ್ಲ. ಬ್ಲೀಡಿಂಗ್ ಇದ್ರೆ ಸ್ಮಿಯರ್ ನಾರ್ಮಲ್ ಅಂತ ಸುಮ್ನಿರಬಾರದು ಅನ್ನೋದು ಇದಕ್ಕೇ.

ಬಯಾಪ್ಸಿ ಈ ವಾರಾನೇ ಮಾಡಿಸಿ, ಮುಂದೂಡಬೇಡಿ. ಇದು ರಕ್ತದ ಮೂಲಕ ಬೇಗ ಹರಡೋದ್ರಿಂದ ಚಿಕ್ಕ ಗೆಡ್ಡೆ ಇದ್ರೂ ಆಪರೇಷನ್ನೋ ರೇಡಿಯೇಷನ್ನೋ ಜೊತೆಗೆ ಕೀಮೋ ಕೊಡ್ತಾರೆ, ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಜೊತೆ ಎಟೊಪೊಸೈಡ್. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿಯಂಥ ಕಡೆ ಹೋಗೋದಾದ್ರೆ ಬರೀ ರಿಪೋರ್ಟ್ ಸಾಲದು, ಗಾಜಿನ ಸ್ಲೈಡ್ ಮತ್ತು ಬಯಾಪ್ಸಿ ತುಣುಕು ಇಟ್ಟಿರೋ ಮೇಣದ ಬ್ಲಾಕ್ ಎರಡನ್ನೂ ಲ್ಯಾಬಲ್ಲಿ ಕೇಳಿ ತಗೊಂಡು ಹೋಗಿ.