ಹೊಸ ಟ್ಯೂಬಾ ಶ್ರುತಿಗೆ ಕೂರುತ್ತಿಲ್ಲ, ವಾಪಸ್ ಕೊಡಲೇ?

ಪ್ರಶ್ನೆ: ಮಂಗಳೂರಿನ ಕಡೆ ಚರ್ಚ್ ಹಬ್ಬ, ಮದುವೆ, ಮೆರವಣಿಗೆಗಳಿಗೆ ಹೋಗುವ ಬ್ರಾಸ್ ಬ್ಯಾಂಡ್‌ನಲ್ಲಿ ಟ್ಯೂಬಾ, ಅಂದರೆ ಮಂದ್ರ ಸ್ವರದ ದೊಡ್ಡ ಹಿತ್ತಾಳೆ ವಾದ್ಯ, ಊದುತ್ತೇನೆ. ಇಷ್ಟು ವರ್ಷ ಬ್ಯಾಂಡಿನ ಹಳೆಯ 3 ವಾಲ್ವಿನ ವಾದ್ಯವೇ ಕೈಯಲ್ಲಿತ್ತು. ಈಗ ಸ್ವಂತ ದುಡ್ಡಿನಲ್ಲಿ 4 ಪಿಸ್ಟನ್ ವಾಲ್ವಿನ ಹೊಸ ಬಿ-ಫ್ಲ್ಯಾಟ್ ಟ್ಯೂಬಾ ತರಿಸಿಕೊಂಡೆ. ಮುಖ್ಯ ಸ್ಲೈಡನ್ನು (ಶ್ರುತಿ ಹೊಂದಿಸಲು ಎಳೆದು ತಳ್ಳುವ ಕೊಳವೆ) ಪೂರ್ತಿ ಒಳಗೆ ತಳ್ಳಿದರೂ ಬ್ಯಾಂಡಿಗಿಂತ ಶ್ರುತಿ ಇಳಿದೇ ಇರುತ್ತದೆ. ನಡುವಿನ ಡಿ ಇನ್ನೂ ಕೆಳಗಿಳಿಯುತ್ತದೆ. ಕೆಳಗಿನ ಸಿ ಮತ್ತು ಬಿ ಮಾತ್ರ ಏರಿಬಿಡುತ್ತವೆ. ಮಾರಿದವರನ್ನು ಕೇಳಿದರೆ ‘ಊದ್ತಾ ಊದ್ತಾ ಸರಿಹೋಗುತ್ತೆ’ ಅಂತಾರೆ. ವಾಪಸ್ ಕೊಡಲೇ, ಇಲ್ಲ ಸ್ಲೈಡ್ ಕತ್ತರಿಸಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಹಾಗೆಂದು ಊದುತ್ತಾ ಕಾದು ಕೂರುವುದೂ ಬೇಡ. ಊದಿದರೆ ಹಿತ್ತಾಳೆಯ ಅಳತೆ ಬದಲಾಗುವುದಿಲ್ಲ, ಊದುವವರ ತುಟಿ ಮಾತ್ರ ಹೊಂದಿಕೊಳ್ಳುತ್ತದೆ. ನೀವು ಬರೆದಿರುವುದು ಮೂರು ಬೇರೆ ಬೇರೆ ತೊಂದರೆಗಳು. ಅವುಗಳಲ್ಲಿ ಎರಡು ನಿಮ್ಮ ವಾದ್ಯದ ದೋಷವಲ್ಲ, ಟ್ಯೂಬಾ ಜಾತಿಯದೇ ಗುಣ.

ಕೆಳಗಿನ ಸಿ ಮತ್ತು ಬಿಯಿಂದ ಶುರು ಮಾಡೋಣ. ನನ್ನ ಊಹೆ ಏನೆಂದರೆ ನೀವು ಸಿ ಸ್ವರವನ್ನು 1+3ರಲ್ಲೂ (1 ಮತ್ತು 3ನೇ ವಾಲ್ವ್ ಒಟ್ಟಿಗೆ ಒತ್ತಿ) ಬಿ ಸ್ವರವನ್ನು 1+2+3ರಲ್ಲೂ ಹಿಡಿಯುತ್ತಿದ್ದೀರಿ. 3 ವಾಲ್ವಿನಲ್ಲಿ ಪಳಗಿದ ಬೆರಳುಗಳು ಅಲ್ಲಿಗೇ ಹೋಗುತ್ತವೆ. ಬಿ-ಫ್ಲ್ಯಾಟ್ ಟ್ಯೂಬಾದ ಕೊಳವೆಯ ಉದ್ದ ಸುಮಾರು 18 ಅಡಿ, ಅಂದರೆ ಐದೂವರೆ ಮೀಟರ್. ವಾಲ್ವ್ ಒತ್ತಿದರೆ ಅದರ ತುಂಡು ಕೊಳವೆ ಇದಕ್ಕೆ ಸೇರಿ ಸ್ವರ ಇಳಿಯುತ್ತದೆ. ಯಾವುದೇ ವಾಲ್ವಿನ ತುಂಡು ಕೊಳವೆಯನ್ನು ಈ ಖಾಲಿ (ವಾಲ್ವ್ ಒತ್ತದ) ಉದ್ದದ ಲೆಕ್ಕಕ್ಕೆ ಅಳೆದು ಮಾಡಿರುತ್ತಾರೆ. ಆದರೆ 3ನೇ ವಾಲ್ವ್ ಒತ್ತಿದ ಮೇಲೆ ಕೊಳವೆ ಆಗಲೇ ಉದ್ದವಾಗಿರುತ್ತದೆ. ಅದರ ಮೇಲೆ ಮತ್ತೊಂದು ವಾಲ್ವ್ ಸೇರಿದಾಗ ಆ ಎರಡನೇ ತುಂಡು ಸಾಕಾಗುವುದಿಲ್ಲ. ಹಾಗಾಗಿ ಶ್ರುತಿ ಏರುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್ ಎಂದು ಹಿಡಿದರೆ, ಲೆಕ್ಕದ ಪ್ರಕಾರ 1+3 ಸುಮಾರು 30 ಸೆಂಟ್ ಏರುತ್ತದೆ, 1+2+3 ಐವತ್ತಕ್ಕೂ ಮೇಲೆ. ಉದ್ದದಲ್ಲಿ ಹೇಳುವುದಾದರೆ, ಆ ಬಿ ಸ್ವರಕ್ಕೆ ನಿಮ್ಮ ವಾದ್ಯದಲ್ಲಿ ಹತ್ತಿರ ಹತ್ತಿರ 24 ಸೆಂಟಿಮೀಟರ್ ಕೊಳವೆ ಕಮ್ಮಿ ಬೀಳುತ್ತದೆ! 3ನೇ ಸ್ಲೈಡನ್ನು ಒಂದಿಷ್ಟು ಉದ್ದ ಮಾಡಿ ಈ ಕೊರತೆಯನ್ನು ತಗ್ಗಿಸುವ ತಯಾರಕರಿದ್ದಾರೆ, ಆದರೆ ಪೂರ್ತಿ ನೀಗಿಸಲು ಆಗುವುದಿಲ್ಲ.

4ನೇ ವಾಲ್ವ್ ಇರುವುದೇ ಇದಕ್ಕೆ. ಸಿ ಸ್ವರಕ್ಕೆ 4 ಒಂದನ್ನೇ ಒತ್ತಿ, ಬಿಗೆ 2+4. ಮೊದಲು 4ನೇ ಸ್ಲೈಡನ್ನು ಸಿ ಸ್ವರಕ್ಕೆ ಸರಿಯಾಗಿ ಹೊಂದಿಸಿಕೊಳ್ಳಿ. ಆಮೇಲೂ 2+4ರ ಬಿ ಸುಮಾರು 25 ಸೆಂಟ್ ಏರಿಯೇ ಇರುತ್ತದೆ, ಆದರೆ ಮೊದಲಿನ ಅರ್ಧಕ್ಕೆ ಇಳಿಯಿತಲ್ಲ. ಉಳಿದದ್ದನ್ನು ಎಡಗೈಯಿಂದ 4ನೇ ಸ್ಲೈಡ್ ಎಳೆದು ಸರಿಮಾಡಬೇಕು. ಒಳ್ಳೆಯ ಟ್ಯೂಬಾ ವಾದಕರ ಎಡಗೈ ನುಡಿಸುವಾಗ ಸುಮ್ಮನಿರುವುದೇ ಇಲ್ಲ, ಗಮನಿಸಿ ನೋಡಿ. ಇದಕ್ಕಾಗಿ ಸ್ಲೈಡ್ ಬೆರಳ ತುದಿಯ ಬಲಕ್ಕೇ ಜಾರಬೇಕು. ಹೊಸ ವಾದ್ಯದ ಗಟ್ಟಿ ಗ್ರೀಸ್ ಒರೆಸಿ, ಎಡಗೈಯಲ್ಲಿ ಆಡಿಸುವ ಸ್ಲೈಡಿಗೆ ತೆಳು ಎಣ್ಣೆ ಹಾಕಿ.

ಹಳೆಯ ವಾದ್ಯದಲ್ಲಿ ಇಷ್ಟೆಲ್ಲ ಕಾಣಲಿಲ್ಲವಲ್ಲ ಎಂದು ನಿಮಗನಿಸಬಹುದು. ಅದರ ವಾಲ್ವುಗಳ ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಕೊಳವೆ ಸುತ್ತುಗಳಿವೆಯೇ ನೋಡಿ. ಇದ್ದರೆ ಅದು ಕಾಂಪೆನ್ಸೇಟಿಂಗ್ ವಾದ್ಯ. 1874ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ಲೇಕ್ಲಿ ರೂಪಿಸಿದ ಏರ್ಪಾಟು ಅದು. ವಾಲ್ವುಗಳನ್ನು ಜೊತೆಯಾಗಿ ಒತ್ತಿದಾಗ ಕೊರತೆಯ ಉದ್ದ ತಾನಾಗಿಯೇ ಸೇರಿಕೊಳ್ಳುತ್ತದೆ. ನಿಮ್ಮ ಹೊಸ ವಾದ್ಯದಲ್ಲಿ ಆ ಸುತ್ತುಗಳಿಲ್ಲದಿದ್ದರೆ ಆ ಕೆಲಸವನ್ನು ನೀವೇ ಮಾಡಬೇಕು.

ಇನ್ನು ಡಿ. ಖಾಲಿ ಕೊಳವೆಯಲ್ಲಿ ತುಟಿಯ ಬಿಗಿಯಿಂದಲೇ ಬರುವ ಸ್ವರಗಳ ಸಾಲಿನಲ್ಲಿ 5ನೆಯದು, ಅಂದರೆ 5ನೇ ಸಹಸ್ವರ ಅದು. ಪಿಯಾನೋದ ಅಳತೆಗಿಂತ 14 ಸೆಂಟ್ ಇಳಿದಿರುವುದು ಅದರ ಹುಟ್ಟುಗುಣ. ತಂಬೂರಿಯ ಮಂದ್ರ ತಂತಿ ಮೀಟಿದಾಗ ತಾನಾಗಿ ಕೇಳಿಬರುವ ಗಾಂಧಾರ ಇದೇ. ಹಾಗಾಗಿ ಬ್ಯಾಂಡ್ ಹಲವು ಸ್ವರ ಒಟ್ಟಿಗೆ ನುಡಿಸುವ ಬಿ-ಫ್ಲ್ಯಾಟ್ ಮೇಜರ್ ಕಾರ್ಡ್‌ನಲ್ಲಿ ನಿಂತಿದ್ದು, ನಿಮ್ಮ ಪಾಲಿಗೆ ಡಿ ಬಂದಿದ್ದರೆ ಅದನ್ನು ಇಳಿದಂತೆಯೇ ಬಿಡಿ, ಕಾರ್ಡ್ ಹಾಲಿನಂತೆ ಕೂಡಿಕೊಳ್ಳುತ್ತದೆ. ಟ್ಯೂನರ್ ಮುಳ್ಳು ನೋಡಿ ಅಲ್ಲಿ ಏರಿಸಲು ಹೋದರೆ ಕೆಡುತ್ತದೆ. ಅದೇ ಡಿ ಕಾರ್ಡ್‌ನ ತಳಸ್ವರವಾಗಿ ಬಂದಾಗ ಮಾತ್ರ ಖಾಲಿ ಹಿಡಿಯದೆ 1+2ರಲ್ಲಿ ಹಿಡಿಯಿರಿ. ಸ್ವಲ್ಪ ಏರಿದೆ ಅನಿಸಿದರೆ 1ನೇ ಸ್ಲೈಡ್ ಚೂರು ಎಳೆಯಿರಿ. ಡಿ-ಫ್ಲ್ಯಾಟ್ ಇಳಿದರೆ 2ರ ಬದಲು 2+3, ಅದರ ಕೆಳಗಿನ ಸಿ ಇಳಿದರೆ 1ರ ಬದಲು 4.

ನಿಜಕ್ಕೂ ಪತ್ತೆ ಮಾಡಬೇಕಾದದ್ದು ಮೊದಲನೆಯ ತೊಂದರೆ, ಇಡೀ ವಾದ್ಯ ಇಳಿದಿರುವುದು. ಇಲ್ಲಿ ಎಲ್ಲರೂ ವಾದ್ಯವನ್ನು ಅಳೆಯುತ್ತಾರೆ, ಬ್ಯಾಂಡನ್ನು ಯಾರೂ ಅಳೆಯುವುದಿಲ್ಲ. ನೀವು ಮೊದಲು ಬ್ಯಾಂಡನ್ನೇ ಅಳೆಯಿರಿ. ಇಂದಿನ ವಾದ್ಯಗಳನ್ನು ಎ ಸ್ವರ 440 ಹರ್ಟ್ಸ್, ಹೆಚ್ಚೆಂದರೆ 442ಕ್ಕೆ ಮಾಡುತ್ತಾರೆ. ಆದರೆ ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ಸುಮಾರು 452 ಹರ್ಟ್ಸ್‌ನ ‘ಹೈ ಪಿಚ್’ನಲ್ಲೇ ನುಡಿಸುತ್ತಿದ್ದವು. ಇಂದಿನ ಶ್ರುತಿಗಿಂತ ಅದು ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧದಷ್ಟು ಮೇಲೆ. ನಿಮ್ಮ ಬ್ಯಾಂಡಿನಲ್ಲಿ ಆ ಕಾಲದ ಕಾರ್ನೆಟ್, ಯುಫೋನಿಯಮ್‌ಗಳು ಇದ್ದರೆ ಹೊಸ ಟ್ಯೂಬಾ ಅವುಗಳ ಪಕ್ಕ ಇಳಿದೇ ಕೇಳಬೇಕು. ಹಾಗಿದ್ದರೆ ಉಳಿದವರೇ ಸ್ಲೈಡ್ ಎಳೆದು ಕೆಳಗೆ ಬರಬೇಕಾಗುತ್ತದೆ. ಹೊಸ ವಾದ್ಯದ್ದು ತಪ್ಪಲ್ಲ. ಸೆಖೆಯ ಲೆಕ್ಕವೂ ಇದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಬಿಸಿಲಲ್ಲಿ ನಡೆದು ಬಂದ ಬ್ಯಾಂಡ್ ಎದುರು, ಈಗಷ್ಟೇ ಎಸಿ ಕೋಣೆಯಿಂದ ತಂದ ಟ್ಯೂಬಾವನ್ನು ಹೋಲಿಸಬೇಡಿ. ಕಾಲು ಗಂಟೆ ಊದಿ ಬೆಚ್ಚಗಾದ ಮೇಲೆ ನೋಡಿ.

ಬ್ಯಾಂಡ್ 440ರಲ್ಲೇ ಇದೆ ಎಂದಾದರೆ ಮೌತ್‌ಪೀಸಿಗೆ ಬನ್ನಿ. ವಾದ್ಯದೊಳಗೆ ಕೂರುವ ಅದರ ಬಾಲದ ದಪ್ಪದಲ್ಲಿ ಅಮೆರಿಕನ್, ಯುರೋಪಿಯನ್ ಎಂದು ಎರಡು ಅಳತೆ ಪ್ರಚಾರದಲ್ಲಿವೆ, ಯುರೋಪಿಯನ್ ದಪ್ಪ. ಹಳೆಯ ಬ್ರಿಟಿಷ್ ವಾದ್ಯಗಳಲ್ಲಿ ಇನ್ನೂ ಸಣ್ಣ ಬಾಲವೂ ಇತ್ತು. ಮೌತ್‌ಪೀಸನ್ನು ವಾದ್ಯಕ್ಕೆ ಮೆಲ್ಲಗೆ ಕೂರಿಸಿ, ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಹೊರತೆಗೆದು ಅಳೆಯಿರಿ. ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ ಹೋಗಿರಬೇಕು. ಒಂದೇ ಸೆಂಟಿಮೀಟರ್ ಹೋಗಿ ನಿಂತಿದ್ದರೆ ಬಾಲ ದಪ್ಪವಾಯಿತು, ಉಳಿದ ಉದ್ದವೆಲ್ಲ ಕೊಳವೆಗೆ ಸೇರಿ ಶ್ರುತಿ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸಹಸ್ವರಗಳ ನಡುವಿನ ಅಂತರವೂ ಹಾಳಾಗುತ್ತದೆ. ಅಲುಗಾಡಿದರೆ ಬಾಲ ಸಣ್ಣದು. ಬಟ್ಟಲು ಅತಿ ಆಳವಿದ್ದರೂ ಶ್ರುತಿ ಕೆಳಗೆ ಜಗ್ಗುತ್ತದೆ. ಹಳೆಯ ವಾದ್ಯದ ಮೌತ್‌ಪೀಸನ್ನೇ ಹೊಸದಕ್ಕೂ ಹಾಕುತ್ತಿದ್ದರೆ ಇದನ್ನು ಇವತ್ತೇ ಪರೀಕ್ಷಿಸಿ.

ಆಮೇಲೆ ಎಲ್ಲ ಸ್ಲೈಡ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಪ್ಯಾಕಿಂಗಿನ ಫೋಮ್ ತುಂಡೋ ಕಾಗದವೋ ಒಳಗೇ ಉಳಿದಿರುವುದು ಹೊಸ ವಾದ್ಯಗಳಲ್ಲಿ ಅಪರೂಪವಲ್ಲ. ಪಿಸ್ಟನ್‌ಗಳ ಮೇಲೆ ಕೊರೆದ ಸಂಖ್ಯೆಗಳು ಆಯಾ ಮನೆಗೆ ತಾಳೆಯಾಗಬೇಕು. ಗಾಳಿ ಸೋರುತ್ತಿದೆಯೇ ತಿಳಿಯಲು ವಾಲ್ವ್ ಒತ್ತದೆ ಅದರ ಸ್ಲೈಡನ್ನು ಸ್ವಲ್ಪ ಎಳೆದು, ಕೆಲವು ಕ್ಷಣ ತಡೆದು ವಾಲ್ವ್ ಒತ್ತಿ. ‘ಟಪ್’ ಎಂದರೆ ಬಿಗಿ ಸರಿಯಿದೆ. ನೀರು ಬಿಡುವ ಕೀಲಿಯ ಬಿರಡೆಯನ್ನೂ ನೋಡಿ.

ಅಭ್ಯಾಸಕ್ಕೆ ಟ್ಯೂನರ್‌ಗಿಂತ ಶ್ರುತಿಪೆಟ್ಟಿಗೆಯೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿ-ಫ್ಲ್ಯಾಟ್ ಎಂದರೆ ನಿಮ್ಮ ಕಡೆಯ ಯಕ್ಷಗಾನದ ಲೆಕ್ಕದಲ್ಲಿ ಕಪ್ಪು ಐದು. ಎಲೆಕ್ಟ್ರಾನಿಕ್ ಪೆಟ್ಟಿಗೆ 440ಕ್ಕೆ ತಾಳೆಯಾಗಿದೆಯೇ ಎಂದು ಒಮ್ಮೆ ನೋಡಿಕೊಂಡು, ಷಡ್ಜ ಪಂಚಮ ಹಿಡಿಸಿ, ಅದರೊಳಗೆ ಒಂದೊಂದೇ ಸ್ವರವನ್ನು ಉದ್ದಕ್ಕೆ ಊದಿ. ಎರಡು ನಾದಗಳ ನಡುವಿನ ಅಲೆ ನಿಧಾನವಾಗಿ ನಿಂತಾಗ ತುಟಿಗೆ, ಎಡಗೈಗೆ ದಾರಿ ತಿಳಿಯುತ್ತದೆ. ಟ್ಯೂನರನ್ನು ದಾಖಲೆಗೆ ಮಾತ್ರ ಬಳಸಿ: ಕಣ್ಣು ಮುಚ್ಚಿ ಊದಿ, ಸ್ವರ ನಿಂತ ಮೇಲೆ ಕಣ್ಣು ತೆರೆದು ಎಷ್ಟು ಏರು, ಎಷ್ಟು ಇಳಿ ಎಂದು ಬರೆದುಕೊಳ್ಳಿ. ಟ್ರೆಬಲ್ ಕ್ಲೆಫ್ ಎಂಬ ಸ್ವರಲಿಪಿಯಲ್ಲಿ ಓದಿ ಕಲಿತ ಗೆಳೆಯರಿಗೆ ಖಾಲಿ ಕೊಳವೆಯ ಸ್ವರದ ಹೆಸರು ಸಿ, ಟ್ಯೂನರ್ ತೋರಿಸುವುದು ಬಿ-ಫ್ಲ್ಯಾಟ್. ಅಲ್ಲಿ ಗೊಂದಲ ಬೇಡ.

ಆ ಪಟ್ಟಿ ನೋಡಿ ತೀರ್ಮಾನಿಸಿ. ಖಾಲಿ ಹಿಡಿದ ಕೆಳಗಿನ ಬಿ-ಫ್ಲ್ಯಾಟ್ ಮತ್ತು ಅದರ ಮೇಲಿನ ಬಿ-ಫ್ಲ್ಯಾಟ್ ನಡುವೆಯೇ 25 ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಸರಿಯಾದ ಮೌತ್‌ಪೀಸ್ ಹಾಕಿದರೂ ಹಾಗೇ ಉಳಿದರೆ, ಕೊಳವೆ ಅಗಲವಾಗುತ್ತಾ ಹೋಗುವ ರೀತಿಯಲ್ಲೇ ದೋಷವಿದೆ. ಅದನ್ನು ಯಾವ ಸ್ಲೈಡೂ ಸರಿಮಾಡದು. ವಾರಂಟಿ ಮುಗಿಯುವ ಮೊದಲೇ ಪಟ್ಟಿ ಸಮೇತ ವಾಪಸ್ ಕೊಡಿ. ಹಾಗಲ್ಲದೆ ಎಲ್ಲ ಸ್ವರಗಳೂ ಒಂದೇ ಸಮ ಇಳಿದಿದ್ದರೆ ಮಾತ್ರ ಸ್ಲೈಡ್ ಕತ್ತರಿಸುವ ಮಾತು. 20 ಸೆಂಟ್ ಏರಿಸಲು ಒಟ್ಟು ಆರೂವರೆ ಸೆಂಟಿಮೀಟರ್ ಉದ್ದ ಹೋಗಬೇಕು, ಅಂದರೆ ಮುಖ್ಯ ಸ್ಲೈಡಿನ ಪ್ರತಿ ಕಾಲಿಗೆ ಮೂರೂಕಾಲು. ಒಳಕೊಳವೆಯ ಜೊತೆ ಹೊರಕೊಳವೆಯನ್ನೂ ಅಷ್ಟೇ ಕತ್ತರಿಸಬೇಕಾಗಬಹುದು. ಬ್ರಾಸ್ ವಾದ್ಯ ರಿಪೇರಿಯಲ್ಲಿ ಕೈ ಪಳಗಿದವರಿಂದಲೇ ಮಾಡಿಸಿ. ಕತ್ತರಿಸಿದ ವಾದ್ಯವನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಉಳಿದೆಲ್ಲ ಪರೀಕ್ಷೆ ಮುಗಿದ ಮೇಲಷ್ಟೇ ಆ ಕೆಲಸಕ್ಕೆ ಕೈಹಾಕಿ.